ನೀರಜ್ಜಿ ಮತ್ತು ಬಿಸಿಲಿನ ನೀರು

ಅವಳ ಬಲ ಮೊಣಕೈಯ ಚರ್ಮ ಉಳಿದ ಮೈಯಂತಿರಲಿಲ್ಲ. ಕೈಕಾಲೆಲ್ಲ ಒಣಗಿ ಸುಕ್ಕುಗಟ್ಟಿದ್ದರೂ ಆ ಒಂದು ಜಾಗ ಮಾತ್ರ ನುಣ್ಣಗೆ, ತುಸು ಕೆಂಪಗೆ, ತೊಳೆದಿಟ್ಟ ಹುಣಿಸೆ ಬೀಜದ ಹಾಗೆ ಹೊಳೆಯುತ್ತಿತ್ತು. ಬಕೆಟ್ಟಿನಲ್ಲಿ ಬಿಸಿನೀರು ಬೆರೆಸಿದ ಮೇಲೆ ಅವಳು ಬೆರಳದ್ದಿ ನೋಡುತ್ತಿರಲಿಲ್ಲ. ಸೆರಗು ಸಿಕ್ಕಿಸಿ, ಮಂಡಿಯೂರಿ, ಮೊಣಕೈಯನ್ನು ನೀರಿಗಿಳಿಸಿ ಕಣ್ಣು ಮುಚ್ಚುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಐದರವರೆಗೋ ಆರರವರೆಗೋ ಎಣಿಸುತ್ತಿದ್ದಳೇನೋ. ಆಮೇಲೆ "ಇನ್ನೊಂದ್ ಚೊಂಬು ತಣ್ಣೀರು ಬುಡವ್ವ" ಅಂತಲೋ, "ಸಾಕು, ಮಗೀನ ಕೊಡು" ಅಂತಲೋ ತೀರ್ಪು ಬರುತ್ತಿತ್ತು.

"ಬೆರಳು ಒಲೆ ಮುಂದೆ ಇದ್ದೂ ಇದ್ದೂ ಜಡ್ಡುಗಟ್ಟೋಗಿರ್ತದೆ ಕಣವ್ವ. ಮೊಣಕೈ ಸುಳ್ಳು ಹೇಳಾಕಿಲ್ಲ" ಎನ್ನುತ್ತಿದ್ದಳು.

ಮಾಗಡಿಯ ನಮ್ಮ ಬಡಾವಣೆಯಲ್ಲಿ ಹುಟ್ಟಿದ ಕೂಸುಗಳಲ್ಲಿ ಹೆಚ್ಚಿನವು ಆ ಮೊಣಕೈಯ ಅಪ್ಪಣೆ ಪಡೆದ ನೀರಿನಲ್ಲೇ ಮಿಂದವು. ಬಾಣಂತಿಗೂ ಕೂಸಿಗೂ ಎಣ್ಣೆ ತೀಡಿ ನೀರು ಹಾಕುವುದು ಅವಳ ಕಸುಬು. ಕೆಂಪಾಪುರದ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ನಾಲ್ಕೈದು ಮನೆ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತಿದ್ದಳು. ಊರಿನಲ್ಲಿ ಮಗ, ಸೊಸೆ, ಒಂದು ಕುರಿಮಂದೆ. ಹೆಸರು ಹಿಡಿದು ಅವಳನ್ನು ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವಳು ನೀರಜ್ಜಿ.

ನನ್ನ ಮಗಳು ಹುಟ್ಟುವ ಹೊತ್ತಿಗೆ ಅಮ್ಮ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅಮ್ಮ ಮದುವೆಯಾಗಿ ಬಂದಾಗಿನಿಂದ ಬಚ್ಚಲೊಲೆಯ ಮುಂದೆ ಕೂತು ತೆಂಗಿನ ಮಟ್ಟೆ ಉರಿಸಿದವಳು. ಸೋಲಾರ್ ಹಾಕಿಸಿ ಎಂದು ಅವಳು ಹೇಳುತ್ತಲೇ ಇದ್ದಳು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಆಗಲಿ, ಆಗಲಿ ಎನ್ನುತ್ತಲೇ ಇದ್ದರು. ಅವಳು ಹೋದ ಮೇಲೆ ಹಾಕಿಸಿದರು. ನೀರು ಕಾಯಿಸುವ ಗಾಜಿನ ಕೊಳವೆಗಳೂ ಕರೆಂಟಿಗೆಂದು ನಾಲ್ಕು ಪ್ಯಾನೆಲ್‌ಗಳೂ ತಾರಸಿ ಏರಿದವು. ಬಚ್ಚಲೊಲೆಯನ್ನು ತಾವೇ ನಿಂತು ಒಡೆಸಿದರು. ಆಮೇಲೆ ಅವರು ಮಾತು ಬಿಟ್ಟರು. ಬೆಳಿಗ್ಗೆ ಪೇಪರ್, ಸಂಜೆ ಟಿವಿ, ನಡುವೆ ಕೇಳಿದ್ದಕ್ಕೊಂದು ಹ್ಞೂಂ. ರಾಮನಗರದ ಆಸ್ಪತ್ರೆಯಿಂದ ತೂಕ ಕಡಿಮೆಯಿದ್ದ ಕೂಸನ್ನು ಎತ್ತಿಕೊಂಡು ಆ ಮನೆಯ ಹೊಸಿಲು ದಾಟಿದಾಗ, ಇಲ್ಲಿ ನನಗೆ ಏನಾದರೂ ಹೇಳಿಕೊಡುವವರು ಯಾರೂ ಇಲ್ಲವಲ್ಲ ಎನ್ನಿಸಿತು.

ಪಕ್ಕದ ಮನೆಯವರು ನೀರಜ್ಜಿಗೆ ಹೇಳಿ ಕಳಿಸಿದರು. ಮೊದಲ ದಿನ ಬಚ್ಚಲಿಗೆ ಬಂದವಳು ನಾಲ್ಕೂ ಮೂಲೆ ನೋಡಿದಳು.

"ಒಲೆ ಎಲ್ಲವ್ವ?"

"ಒಲೆ ಇಲ್ಲಜ್ಜಿ. ಸೋಲಾರ್ ಇದೆ. ಈ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತೆ."

ಸೋಲಾರ್ ಅವಳಿಗೆ ಹೊಸದೇನಲ್ಲ. ಆದರೆ ಅದಿದ್ದ ಮನೆಗಳಲ್ಲೂ ಬಾಣಂತಿಗೆಂದು ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಹಂಡೆ ಇಡುತ್ತಿದ್ದರು. ಒಲೆಯೇ ಇಲ್ಲದ ಬಾಣಂತಿ ಮನೆ ಅವಳಿಗೆ ನಮ್ಮದೇ ಮೊದಲು. "ಬೆಂಕಿ ಕಾಣದ ನೀರ್ನ ಹಸಿ ಮೈಗೆ ಉಯ್ಯೋದಾ? ತಡಿ, ಮೊದ್ಲು ಅದರ ಮಕ ನೋಡ್ಕಂಡ್ ಬತ್ತೀನಿ" ಎಂದು ಸೀದಾ ತಾರಸಿ ಹತ್ತಿದಳು. ದಿನಪತ್ರಿಕೆ ಹಿಡಿದಿದ್ದ ಅಪ್ಪ ಬೇರೆ ದಾರಿಯಿಲ್ಲದೆ ಹಿಂದೆ ಹೋದರು. ಮಹಡಿ ಮೆಟ್ಟಿಲ ಬುಡದಲ್ಲಿ ಕೂಸನ್ನೆತ್ತಿಕೊಂಡು ನಿಂತ ನನಗೆ ಇಬ್ಬರ ಮಾತೂ ಕೇಳಿಸುತ್ತಿತ್ತು.

"ಇದು ತಣ್ಣಗೈತಲ್ಲ ಯಜಮಾನ್ರೇ!"

"ಗಾಜು ತಣ್ಣಗೇ ಇರುತ್ತೆ ಅಜ್ಜಿ. ಒಳಗಿನ ನೀರು ಸುಡ್ತಾ ಇದೆ."

"ಹೊರಗೆ ತಣ್ಣಗೆ, ಒಳಗೆ ಸುಡ್ತದೆ. ಅದೆಂಗೆ?"

"ಎರಡು ಪದರ ಗಾಜು. ನಡುವೆ ಏನೂ ಇಲ್ಲ. ಗಾಳಿನೂ ತೆಗೆದಿರ್ತಾರಂತೆ. ಅದಕ್ಕೇ ಬಿಸಿ ಆಚೆ ಬರಲ್ಲ."

ಗಾಜನ್ನು ಬೆರಳಲ್ಲಿ ತಟ್ಟಿದ ಸದ್ದು. ಆಮೇಲೆ ಅಜ್ಜಿಯ ದನಿ: "ಏನೂ ಇಲ್ದೇ ಇರೋದು ಬಿಸೀನ ಹೆಂಗ್ ತಡೀತದೆ?"

"ನೋಡಿ ಹೇಳ್ತೀನಿ" ಎಂದರು ಅಪ್ಪ. ಕೆಳಗಿಳಿದು ಬಂದು ಅವಳು ನೀರು ಬೆರೆಸಿ, ಮೊಣಕೈ ಅದ್ದಿ, ಕಣ್ಣು ಮುಚ್ಚಿದಳು. "ನೀರೇನೋ ಪಸಂದಾಗೈತೆ" ಎಂದು ಒಪ್ಪಿಕೊಂಡಳು. "ಈಗಿನ್ನೂ ಬಿಸ್ಲೇ ಏರಿಲ್ಲ. ಅಂಗಾರೆ ಇದು ನೆನ್ನೆ ಬಿಸ್ಲು, ಅಲ್ವಾ?" ಎನ್ನುತ್ತ ನೆನ್ನೆಯ ಬಿಸಿಲನ್ನು ನನ್ನ ಮಗಳ ಬೆನ್ನಿನ ಮೇಲೆ ಸುರಿದಳು.

ಆ ಸಂಜೆ ಅಪ್ಪ ಟಿವಿ ಹಾಕಲಿಲ್ಲ. "ನಿನ್ನ ಹೈಸ್ಕೂಲಿನ ವಿಜ್ಞಾನದ ಪುಸ್ತಕ ಇದೆಯೇನಮ್ಮ?" ಎಂದು ಕೇಳಿದರು. ಅಟ್ಟದ ಟ್ರಂಕಿನಿಂದ ಅದನ್ನು ಹುಡುಕಿ ತೆಗೆದು, ಕನ್ನಡಕ ಒರೆಸಿಕೊಂಡು ಓದುತ್ತ ಕೂತರು. ಮಾರನೆಯ ದಿನ ಅಜ್ಜಿ ಬರುವ ಹೊತ್ತಿಗೆ ಅವರೇ ಬಾಗಿಲಲ್ಲಿದ್ದರು. ಬಿಸಿಗೆ ಸಾಗಲು ಹಿಡಿದುಕೊಳ್ಳಲಿಕ್ಕೆ ಏನಾದರೂ ಬೇಕು, ಸೌಟಿನ ತುದಿಯ ಬಿಸಿ ಹಿಡಿಗೆ ಬರುವುದು ನಡುವೆ ಲೋಹ ಇರುವುದರಿಂದ, ಏನೂ ಇಲ್ಲದ ಕಡೆ ಅದು ದಾಟಲಾರದು ಎಂದು ವಿವರಿಸಿದರು. ಅಜ್ಜಿ ಕೂಸಿಗೆ ಎಣ್ಣೆ ತೀಡುತ್ತ ಗಮನವಿಟ್ಟು ಕೇಳಿದಳು.

"ಕಂಬಳೀನೂ ಒಸಿ ಅಂಗೇ ಅನ್ನಿ. ಉಣ್ಣೆ ಒತ್ತಿ ಒತ್ತಿ ತುಂಬುದ್ರೆ ಬೆಚ್ಚಗಿರಾಕಿಲ್ಲ. ಸಂದು ಬುಟ್ಟು ನೇದಿದ್ರೇ ಬೆಚ್ಚಗಿರೋದು. ಬೆಚ್ಚಗೆ ಮಡಗೋದು ಉಣ್ಣೆ ಅಲ್ಲ, ಸಂದು." ಕೂಸನ್ನು ಮಗ್ಗುಲು ಬದಲಿಸಿ, ತಲೆಯೆತ್ತಿ ಕೇಳಿದಳು: "ಅದ್ಸರಿ ಯಜಮಾನ್ರೇ, ಬಿಸಿ ಆಚೆ ಬರಾಕಾಗಲ್ಲ ಅಂದ್ಮೇಲೆ, ಬಿಸ್ಲು ಒಳಿಕ್ಕೆ ಹೆಂಗ್ ಹೋಯ್ತು?"

ಅಪ್ಪ ನಕ್ಕರು. ಅಮ್ಮ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೆ ಉತ್ತರ ಸಿಗಲು ಮೂರು ದಿನ ಹಿಡಿಯಿತು. ಸೂರ್ಯನಿಂದ ನಮ್ಮವರೆಗಿನ ದಾರಿಯೂ ಏನೂ ಇಲ್ಲದ ದಾರಿಯೇ, ಬೆಳಕಿಗೆ ಆ ದಾರಿ ಸಾಕು, ಕೊಳವೆಯ ಕಪ್ಪು ಬಣ್ಣ ಅದನ್ನು ಹೀರಿದ ಮೇಲಷ್ಟೇ ಅದು ಬಿಸಿಯಾಗುವುದು ಎಂದು ಅವರು ಹೇಳಿದಾಗ, ಅಜ್ಜಿ ಬಚ್ಚಲ ಕಿಟಕಿಯಿಂದ ಒಮ್ಮೆ ಆಕಾಶ ನೋಡಿದಳು. "ಅಷ್ಟು ದೂರ ಏನೂ ಇಲ್ವಾ?" ಎಂದಳು.

ಕೆಲವು ಸಂಗತಿ ಅವಳೇ ನಮಗೆ ಹೇಳಿಕೊಟ್ಟಳು. ಮೋಟರ್ ಇಲ್ಲದೆ ಕೊಳವೆಯ ನೀರು ಮೇಲಿನ ಟ್ಯಾಂಕಿಗೆ ಹೇಗೆ ಏರುತ್ತದೆ ಎಂದು ಅಪ್ಪ ಪುಸ್ತಕ ತಿರುವಿ ಹಾಕುತ್ತಿದ್ದಾಗ, "ಅದ್ಕೇನ್ ಬುಕ್ಕು? ಹಂಡೇಲೂ ಮೇಲಿನ ನೀರೇ ಮೊದ್ಲು ಸುಡೋದು, ತಣ್ಣಂದು ತಳಕ್ಕೆ ಕೂತ್ಕತದೆ" ಎಂದು ಮುಗಿಸಿದಳು. ಒಂದು ಮಧ್ಯಾಹ್ನ ಬೀದಿಗೆಲ್ಲ ಕರೆಂಟ್ ಹೋಗಿತ್ತು. ನನ್ನ ಕೋಣೆಯ ಫ್ಯಾನ್ ತಿರುಗುತ್ತಲೇ ಇತ್ತು. ಅದೂ ಬಿಸಿಲಿನದೇ, ಬ್ಯಾಟರಿಯಲ್ಲಿ ತುಂಬಿಟ್ಟದ್ದು ಎಂದಾಗ ಅವಳು ಫ್ಯಾನಿನ ಅಡಿ ನಿಂತು ಮುಖವೊಡ್ಡಿದಳು. "ಬಿಸಿ ಮಾಡೋದೂ ಅದೇ, ತಣ್ಣಗೆ ಮಾಡೋದೂ ಅದೇ!" ಆ ತಿಂಗಳೇ ಮಗನಿಗೆ ದುಂಬಾಲು ಬಿದ್ದು ಕುರಿಹಟ್ಟಿಗೆ ಒಂದು ಸೋಲಾರ್ ದೀಪ ಹಾಕಿಸಿದಳು. ಅವರ ಕಡೆ ಚಿರತೆಯ ಕಾಟ. "ಬೆಳಕಿದ್ರೆ ಅದು ಒಸಿ ಯೋಚ್ನೆ ಮಾಡ್ತದೆ" ಎನ್ನುತ್ತಿದ್ದಳು.

ಮಗಳಿಗೆ ಮೂರು ತಿಂಗಳು ತುಂಬಿದಾಗ ಬೇಸಿಗೆ. ಒಂದು ದಿನ ಬಸ್ಸು ಕೆಟ್ಟಿತೋ ಏನೋ, ಅಜ್ಜಿ ಬರಲಿಲ್ಲ. ಕಾದು ಕಾದು ಹನ್ನೊಂದು ದಾಟಿತು. ಇಷ್ಟು ದಿನ ನೋಡಿದ್ದೇನಲ್ಲ, ಇವತ್ತು ನಾನೇ ಹಾಕಿದರಾಯಿತು ಎಂದುಕೊಂಡೆ. ಮೊಬೈಲಿನಲ್ಲಿ ನೋಡಿದಂತೆ ಪುಟ್ಟ ಟಬ್ಬು ತರಿಸಿದ್ದೆ. ನಲ್ಲಿ ತಿರುಗಿಸಿದೆ, ಕೈಯೊಡ್ಡಿದೆ, ಉಗುರುಬೆಚ್ಚಗೂ ಇಲ್ಲ. ಇನ್ನು ಸ್ವಲ್ಪ ಬರಲಿ ಎಂದು ನಲ್ಲಿಯನ್ನು ಹಾಗೇ ಬಿಟ್ಟು ಮಗಳನ್ನು ಟಬ್ಬಿಗಿಳಿಸಿದೆ. ಅವಳು ಕಾಲು ಬಡಿದು ಕೇಕೆ ಹಾಕುತ್ತಿದ್ದಳು.

ಹಿಂದಿನಿಂದ ಯಾರೋ ನನ್ನನ್ನು ನೂಕಿದ ಹಾಗಾಯಿತು. ಅಜ್ಜಿ. ಚೀಲ ಇನ್ನೂ ಹೆಗಲಲ್ಲೇ ಇತ್ತು. ಬಾಗಿಲಿಗೆ ಬಂದವಳು ನಲ್ಲಿಯ ಬಾಯಲ್ಲಿ ಏಳುತ್ತಿದ್ದ ತೆಳ್ಳನೆಯ ಹಬೆಯನ್ನು ಕಂಡಿದ್ದಳು. ಎಡಗೈಯನ್ನು ನಲ್ಲಿಗೆ ಅಡ್ಡ ಒಡ್ಡಿ, ಬಲಗೈಯಲ್ಲಿ ಮಗುವನ್ನು ಎತ್ತಿಕೊಂಡಳು. ಬೇಸಿಗೆಯ ಸೋಲಾರ್ ನೀರು ಅವಳ ಮುಂಗೈಯ ಮೇಲೆ ಸುರಿಯಿತು. ಅವಳು ಕೂಗಲಿಲ್ಲ. "ನಲ್ಲಿ ನಿಲ್ಸವ್ವ" ಎಂದಳು, ಅಷ್ಟೇ.

ಮಗಳಿಗೆ ಏನೂ ಆಗಿರಲಿಲ್ಲ. ಅಜ್ಜಿಯ ಮುಂಗೈ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆಯೆದ್ದಿತು. ಅಪ್ಪ ಅವಳನ್ನು ಆಟೋದಲ್ಲಿ ಡಾಕ್ಟರ ಬಳಿ ಕರೆದೊಯ್ದರು. ನಾನು ನಡುಮನೆಯಲ್ಲಿ ಕೂತು ಅತ್ತೆ. ಪಟ್ಟಿ ಕಟ್ಟಿಸಿಕೊಂಡು ಬಂದವಳು ನನ್ನನ್ನು ಬೈಯುತ್ತಾಳೆ ಎಂದು ಕಾದಿದ್ದೆ. ಅವಳ ಸಿಟ್ಟು ಇದ್ದದ್ದು ಪೈಪಿನ ಮೇಲೆ.

"ಹಂಡೆ ನೀರು ಹಿಂಗ್ ಮೋಸ ಮಾಡಾಕಿಲ್ಲ. ಸುಡೋದಾದ್ರೆ ಮೊದ್ಲಿಂದ್ಲೇ ಸುಡ್ತದೆ. ಇದು ಮೊದ್ಲು ತಣ್ಣಗೆ ಬಂದು ನಂಬುಸ್ಬುಟ್ಟು ಆಮೇಲ್ ಸುಡ್ತದೆ. ಯಾಕೆ?"

ಮರುದಿನವೇ ಪಟ್ಟಿ ಕಟ್ಟಿದ ಕೈಯಲ್ಲೇ ಪರೀಕ್ಷೆಗೆ ಕೂತಳು. ನಲ್ಲಿ ಬಿಟ್ಟು ಚೊಂಬು ಹಿಡಿದು ಎಣಿಸಿದಳು. ನಮ್ಮ ಮನೆಯಲ್ಲಿ ಹನ್ನೊಂದು ಚೊಂಬು ತಣ್ಣೀರು, ಹನ್ನೆರಡನೆಯದು ಬೆಂಕಿ. ಅಪ್ಪನೂ ಅವಳೂ ತಾರಸಿಯಿಂದ ಬಚ್ಚಲವರೆಗೆ ಪೈಪನ್ನು ಹಿಂಬಾಲಿಸಿ ನಡೆದರು. ಟ್ಯಾಂಕು ಬಿಸಿ ಹಿಡಿದಿಡುತ್ತದೆ, ಪೈಪು ಹಿಡಿದಿಡುವುದಿಲ್ಲ. ಅದರೊಳಗೆ ನಿಂತ ನೀರು ಆರಿ ಮೊದಲು ಬರುತ್ತದೆ ಎಂದು ಇಬ್ಬರೂ ಸೇರಿಯೇ ಕಂಡುಕೊಂಡರು.

ಆಮೇಲೆ ಅವಳು ಹೋದ ಮನೆಯಲ್ಲೆಲ್ಲ ಚೊಂಬು ಎಣಿಸಿದಳು. ಯಾರ ಮನೆಯದು ಎಷ್ಟು ಎಂದು ಬಾಯಿಪಾಠವಿತ್ತು: ಡಾಕ್ಟರ ಮನೇದು ಏಳು, ರೇಷ್ಮೆ ವ್ಯಾಪಾರದವರ ಮನೇದು ಹದಿನಾರು. ನನ್ನ ಕೆಂಪು ಉಗುರುಬಣ್ಣದ ಸೀಸೆ ಇಸಿದುಕೊಂಡು ಪ್ರತಿ ಮನೆಯ ಬಿಸಿನೀರಿನ ನಲ್ಲಿಗೂ ಒಂದು ಬೊಟ್ಟಿಟ್ಟಳು. ಕುಂಕುಮವಾದರೆ ತೊಳೆದುಹೋಗುತ್ತದೆ ಎಂಬ ಲೆಕ್ಕ. "ಮೊದ್ಲು ಪೈಪಿನ ನೀರ್ನ ಬೇರೆ ಬಕೀಟಿಗೆ ಬುಡಿ. ಆಮೇಲೆ ತಣ್ಣೀರು ತುಂಬ್ಕಳಿ, ಅದ್ರ ಮ್ಯಾಲೆ ಬಿಸ್ನೀರು. ಮಗೀನ ನಲ್ಲಿ ಕೆಳಿಕ್ಕೆ ಮಡಗ್ಬೇಡಿ" ಎಂದು ಹೊಸ ಬಾಣಂತಿಯರಿಗೆ ಒಪ್ಪಿಸುತ್ತಿದ್ದಳು. ಒಂದು ಬೆಳಿಗ್ಗೆ ಹಳೆಯ ಕರಿಕಂಬಳಿಯ ಪಟ್ಟಿಗಳನ್ನು ತಂದು ನಮ್ಮ ಪೈಪಿಗೆ ಸುತ್ತಿಸಿದಳು. ರಿಪೇರಿಗೆ ಬಂದ ಪ್ಲಂಬರ್ ಅದನ್ನು ಕಂಡು ನಕ್ಕ. ಕಂಬಳಿ ಸುತ್ತಿದ ಮೇಲೆ ಸಂಜೆಯ ಹೊತ್ತು ನಾಲ್ಕೇ ಚೊಂಬಿಗೆ ಬಿಸಿನೀರು ಬಂದದ್ದನ್ನು ಅಪ್ಪ ಅವನಿಗೆ ಎಣಿಸಿ ತೋರಿಸಿದರು. ಅವನು ನಗು ನಿಲ್ಲಿಸಿ ಎಷ್ಟು ಸುತ್ತು ಎಂದು ಕೇಳಿದ.

ಮಗಳು ಶಾಲೆಗೆ ಸೇರಿದ ಮೇಲೂ ಅಜ್ಜಿ ಬರುವುದು ನಿಲ್ಲಲಿಲ್ಲ. ನಾನೂ ನನ್ನ ಗಂಡನೂ ಅಪ್ಪನ ಜೊತೆ ಮಾಗಡಿಯಲ್ಲೇ ಉಳಿದಿದ್ದೆವು. ಕೆಲಸ ಮುಗಿಸಿ, ಬಸ್ಸಿಗೆ ಹೊತ್ತಿದ್ದರೆ ನಮ್ಮ ಜಗುಲಿಗೆ ಬಂದು ಕಾಫಿ ಕುಡಿದು ಅಪ್ಪನಿಗೆ ಒಂದು ಪ್ರಶ್ನೆ ಕೇಳಿ ಹೋಗುತ್ತಿದ್ದಳು. ಆದರೆ ಒಲೆಗಳ ಹೊಗೆ ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ನಿಮ್ಮ ಮನೆಗೂ ಸೋಲಾರ್ ಹಾಕಿಸೋಣ ಎಂದು ಅಪ್ಪ ಎಷ್ಟೋ ಸಲ ಹೇಳಿದರು.

"ಹೆಂಚಿನ ಮನೆ ಸೋಮಿ, ಅಷ್ಟು ಭಾರ ಹೊರಾಕಿಲ್ಲ. ಅಲ್ದೆ ನಂಗ್ಯಾಕೆ? ನಾನು ತಣ್ಣೀರೇ ಉಯ್ಕಳದು."

ನನಗೆ ಅರ್ಥವಾಗಲಿಲ್ಲ. "ನೀನಾ? ತಣ್ಣೀರಾ?"

"ಊರ್ಗೋಗಿ ಮತ್ತೆ ಒಲೆ ಮುಂದೆ ಕೂರಾಕೆ ಯಾರ್ ಕೈಲಾಯ್ತದವ್ವ? ಅಭ್ಯಾಸ ಆಗೋಗೈತೆ."

ಅಷ್ಟು ವರ್ಷ ಅವಳ ಕೈಯ ಬಿಸಿನೀರು ಮಿಂದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎದ್ದು ಅವಳ ಕೈ ಹಿಡಿದುಕೊಂಡೆ. ಬೇಡ, ಬೇಡ, ಬಸ್ಸು ಹೋಗ್ತದೆ ಎಂದು ಕೊಸರಿದಳು. ಬಿಡಲಿಲ್ಲ. ಬಚ್ಚಲ ಮಣೆಯ ಮೇಲೆ ಕೂರಿಸಿ, ತಲೆಗೆ ಹರಳೆಣ್ಣೆ ಒತ್ತಿದೆ. ಅವಳ ಕೂದಲು ಎಷ್ಟು ತೆಳುವಾಗಿತ್ತೆಂದರೆ ಬೆರಳಿಗೆ ನೆತ್ತಿಯ ಮಿಡಿತ ಸಿಗುತ್ತಿತ್ತು. ಬಕೆಟ್ಟಿನಲ್ಲಿ ಹದ ಮಾಡಿ ಮೊದಲ ಚೊಂಬು ಹಾಕಿದೆ.

"ಇನ್ನೊಸಿ ಬಿಸಿ ಇರ್ಲವ್ವ."

ಮತ್ತಷ್ಟು ಬಿಸಿನೀರು ಬಿಟ್ಟೆ. "ಇನ್ನೊಸಿ" ಎಂದಳು. ಕೂಸುಗಳಿಗೆ ಒಂದೊಂದು ಚೊಂಬು ತಣ್ಣೀರಿಗೂ ಲೆಕ್ಕ ಹಾಕುತ್ತಿದ್ದವಳಿಗೆ ತನಗೆ ಬೇಕಾದದ್ದು ಮೈ ಚುರುಗುಟ್ಟುವ ನೀರು. ನನ್ನ ಕೈಯೇ ತಾಳದಷ್ಟು ಬಿಸಿ. ಸುರಿಯುತ್ತ ಹೋದೆ. ಹಬೆಯಲ್ಲಿ ಅವಳು ಕಣ್ಣು ಮುಚ್ಚಿ, ಬಾಯಿ ತುಸು ತೆರೆದು, ಮಗುವಿನಂತೆ ಕೂತಿದ್ದಳು. "ನನ್ ಮಗ ಹುಟ್ದಾಗ ನಮ್ಮವ್ವ ಉಯ್ದಿದ್ಳು" ಎಂದಳು. "ಆಮೇಲೆ ಯಾರೂ ಉಯ್ದಿರ್ನಿಲ್ಲ ಕಣವ್ವ."

ಆವತ್ತಿನಿಂದ ವಾರಕ್ಕೊಮ್ಮೆ ಅವಳಿಗೆ ನಾನು ನೀರು ಹಾಕಿದೆ. ಹೆಚ್ಚು ವಾರಗಳು ಸಿಗಲಿಲ್ಲ. ಚಳಿಗಾಲ ಇನ್ನೂ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ಅವಳ ಮಗ ಫೋನ್ ಮಾಡಿದ: "ಅವ್ವ ಏಳ್ನಿಲ್ಲ ಕಣಕ್ಕ."

ಅಪ್ಪನೂ ನಾನೂ ಹೋದೆವು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧಕ್ಕರ್ಧ ಜನ ನಮ್ಮ ಬಡಾವಣೆಯವರೇ, ಒಬ್ಬೊಬ್ಬರ ಪಕ್ಕದಲ್ಲಿ ಅವಳು ನೀರು ಹಾಕಿದ ಒಂದೊಂದು ಮಗು. ಕುರಿಗಳನ್ನು ಆ ದಿನ ಮೇಯಲು ಬಿಟ್ಟಿರಲಿಲ್ಲ, ಹಟ್ಟಿಯಿಂದ ಅರಚುತ್ತಿದ್ದವು. ಅಪ್ಪ ಗೋಡೆಗೊರಗಿ ನಿಂತು, ಸದ್ದಿಲ್ಲದೆ ಅತ್ತರು. ಸೊಸೆ ಹಿತ್ತಿಲಲ್ಲಿ ನೀರು ಕಾಯಿಸಿ ತಂದಳು. ಕೊನೆಯ ಸ್ನಾನಕ್ಕೆ ಹೆಂಗಸರು ಸುತ್ತ ಸೀರೆ ಹಿಡಿದರು. ತಣ್ಣೀರು ಬೆರೆಸಲು ಬಿಂದಿಗೆ ಎತ್ತಿದ ಒಬ್ಬಾಕೆ, ಎಷ್ಟು ಹಾಕಲಿ ಎಂದು ಸುತ್ತ ನೋಡಿದಳು. ಸೊಸೆಗೂ ಗೊತ್ತಿರಲಿಲ್ಲ.

ನಾನು ಮುಂದೆ ಹೋಗಿ ಆಕೆಯ ಕೈ ತಡೆದೆ. "ಬೇಡಿ" ಎಂದೆ. "ಅಜ್ಜಿಗೆ ಬಿಸಿನೇ ಇರಬೇಕು."