ಏಕಾದಶಿಯ ಗುಳಿಗೆ

ಅವ್ವನ ಏಕಾದಶಿ ಎಂದರೆ ಮಾನ್ವಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ನಡುಕ. ತೀರ್ಥ ಬಿಟ್ಟರೆ ಹನಿ ನೀರೂ ಕುಡಿಯುವವಳಲ್ಲ. ಮಡಿಯಲ್ಲಿದ್ದಾಗ ಯಾರೂ ಮುಟ್ಟುವಂತಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಹಟ ಬಿಡಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು.

ಕಳೆದ ವರ್ಷ ಒಂದು ಏಕಾದಶಿಯ ಮಧ್ಯಾಹ್ನ, ದೇವರ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಳು. ಮೈಯೆಲ್ಲ ಬೆವರು, ಮಾತು ತೊದಲು. ದೇವದುರ್ಗದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

“ಸೀದಾ ರಾಯಚೂರಿಗೆ ಒಯ್ಯಿ, ದೊಡ್ಡ ದವಾಖಾನಿಗಿ. ಆ ಓಣಿ ಡಾಕ್ಟರ್ ಹತ್ರ ಕೂತು ಟೈಮ್ ಕಳೀಬ್ಯಾಡ!” ಎಂದು ಗದರಿದಳು.

ಓಣಿಯ ಡಾಕ್ಟರೆಂದರೆ ನಮ್ಮೆಲ್ಲರ ನೆಗಡಿ, ಜ್ವರ ನೋಡುತ್ತ ಬಂದವರು. ಇಂಥದ್ದಕ್ಕೆ ಅವರಿಂದೇನಾದೀತು ಎಂದು ನನಗೂ ಅನ್ನಿಸಿತು. ಅವ್ವನನ್ನು ಎತ್ತಿ ಕಾರಿನಲ್ಲಿ ಮಲಗಿಸಿದೆ. ಆದರೆ ರಾಯಚೂರು ಮುಟ್ಟುವಷ್ಟರಲ್ಲಿ ಏನಾದರೂ ಆದರೆ? ಓಣಿಯ ತಿರುವಿನಲ್ಲಿ ಡಾಕ್ಟರ ಬಾಗಿಲಿಗೇ ಕಾರು ನಿಲ್ಲಿಸಿದೆ.

ಅವ್ವನ ಮಡಿಸೀರೆ ನೋಡಿದವರೇ ಡಾಕ್ಟರು, “ಇವತ್ತ ಏಕಾದಶಿ ಅಲ್ಲೇನ್ರಿ? ಮುಂಜಾನಿ ಗುಳಿಗಿ ನುಂಗ್ಯಾರೇನು?” ಎಂದರು. ನನಗೆಲ್ಲಿ ಗೊತ್ತು! ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರಾ ಇಳಿದಿತ್ತು. ತಕ್ಷಣ ನರಕ್ಕೆ ಗ್ಲೂಕೋಸ್ ಏರಿಸಿದರು.

ತುಸು ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು. ತನ್ನ ಕೈ ನನ್ನ ಕೈಯಲ್ಲಿರುವುದನ್ನು ನೋಡಿ, “ಮಡಿಯಾಗಿದ್ದೆ, ಮುಟ್ಟಿದ್ಯಲ್ಲೋ ಖೋಡಿ!” ಎಂದು ಬೈದಳು. ನನ್ನ ಜನ್ಮದಲ್ಲಿ ಬೈಗುಳ ಅಷ್ಟು ಹಿತವಾಗಿ ಕೇಳಿಸಿರಲಿಲ್ಲ.

ಗುಳಿಗೆ ನುಂಗಿದ್ದು ನಿಜವೇ. ಔಷಧ ಊಟವಲ್ಲವಂತೆ, ಅದಕ್ಕೇ ತೀರ್ಥದ ಜೊತೆ ನುಂಗಿದ್ದಳು. ಡಾಕ್ಟರು ಹಣೆ ಚಚ್ಚಿಕೊಂಡರು. “ಹೊಟ್ಟ್ಯಾಗ ಏನೂ ಇಲ್ದ ಗುಳಿಗಿ ನುಂಗಿದ್ರ ಹಿಂಗ ಆಗ್ತದ. ಅದರ ಕಸುವು ಇನ್ನಾ ಇಳಿದಿಲ್ಲ, ಸಕ್ಕರಿ ಮತ್ತ ಇಳೀಬಹುದು. ಈಗ ರಾಯಚೂರಿಗೆ ಹೋಗ್ರಿ, ಒಂದ್ ರಾತ್ರಿ ಇಟ್ಕೊಂಡು ನೋಡ್ಲಿ” ಎಂದು ಬಾಟಲಿಯ ಜೊತೆ ತಮ್ಮ ನರ್ಸನ್ನೂ ಕಾರಿಗೆ ಹತ್ತಿಸಿದರು.

ಕಲ್ಲೂರು ದಾಟುವಾಗ ಮತ್ತೆ ಅಕ್ಕನ ಫೋನು. ಆದದ್ದೆಲ್ಲ ಹೇಳಿದೆ. “ಕಡೀಕ ರಾಯಚೂರಿಗೇ ಹೊಂಟ್ಯಲ್ಲ, ನಾ ಹೇಳಿದ್ದಿಲ್ಲೇನು?” ಎಂದಳು. ಅವಳು ಹೇಳಿದ್ದೂ ಸುಳ್ಳಲ್ಲ. ಸುಮ್ಮನೆ ಹೂಂ ಎಂದೆ.

ಮರುದಿನ ಬೆಳಿಗ್ಗೆ ರಾಯಚೂರಿನ ಡಾಕ್ಟರು, ಇನ್ನು ಭಯವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನನಗೆ ಅಳು ತಡೆಯಲಾಗಲಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು.

“ಮುಂದಿನ ಏಕಾದಶಿಗೆ ಉಣ್ತೀನಿ ತಗೋ,” ಎಂದಳು. “ದೇವರಿಗೆ ನಾ ಹೇಳ್ಕೋತೀನಿ. ನೀ ಮದ್ಲ ಕಣ್ಣ ಒರಸ್ಕೋ.”