ಕಬ್ಬಿಣದ ಮಾತ್ರೆ, ಬೆಳಗಿನ ಕಾಫಿ

ಮಾತ್ರೆಯನ್ನು ಕಾಫಿಯ ಜೊತೆ ನುಂಗು ಎಂದು ನನ್ನ ಹೆಂಡತಿಗೆ ಹೇಳಿದವನು ನಾನೇ ಇರಬಹುದು. ಖಚಿತವಾಗಿ ಗೊತ್ತಿಲ್ಲ. ಅವಳೇ ಹಾಗೆ ಶುರುಮಾಡಿದಳು ಎಂದು ನನ್ನ ನೆನಪು ಹೇಳುತ್ತದೆ. ಆ ನೆನಪು ನನಗೆ ತೀರಾ ಅನುಕೂಲಕರವಾಗಿದೆ, ಹಾಗಾಗಿ ನಂಬಲು ಹಿಂಜರಿಯುತ್ತೇನೆ.

ಅವಳ ಬೈತಲೆ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಿತ್ತು. ಈ ಪರದೇಶದಲ್ಲಿ ನಾವಿದ್ದ ಕಸರಾನಿ ಬಡಾವಣೆಯ ಬೋರ್‌ವೆಲ್ ನೀರೇ ಕಾರಣ ಎಂದರು ಪರಿಚಯದ ಕನ್ನಡದವರು. ನಾನು ಪುರಾವೆ ಕೇಳಿದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿತ್ತು. ದೇಹ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಮಾತ್ರ ಒಂಬತ್ತು; ಮೂವತ್ತಾದರೂ ಇರಬೇಕಿತ್ತು. ಮಂಗಳೂರು ಕಡೆಯಿಂದ ಬಂದು ಇಲ್ಲೇ ನೆಲೆಸಿದ್ದ ವೈದ್ಯೆಯೊಬ್ಬರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ ನುಂಗಿ ಪಾಠ ಹೇಳಲು ಶಾಲೆಗೆ ಹೊರಟವಳಿಗೆ ಇಲ್ಲಿನ ಬಾಡಿಗೆ ವ್ಯಾನು ಮಟಾಟುವಿನಲ್ಲೇ ಹೊಟ್ಟೆ ತೊಳಸಿತು. ಅದಾದ ಮೇಲೆ ಮಾತ್ರೆ ಕಾಫಿ ಲೋಟದ ಪಕ್ಕಕ್ಕೆ ಬಂತು.

ಮೂರು ತಿಂಗಳ ನಂತರ ಫೆರಿಟಿನ್ ಹತ್ತು. ಬಾಚಣಿಗೆಯಲ್ಲಿ ಅಷ್ಟೇ ಕೂದಲು.

“ಕಬ್ಬಿಣಕ್ಕೂ ಕೂದಲಿಗೂ ಸಂಬಂಧ ಇದೆ ಅನ್ನೋದೇ ಪೂರ್ತಿ ಸಾಬೀತಾಗಿಲ್ಲ. ಮಾತ್ರೆ ಬಿಟ್ಬಿಡು,” ಎಂದೆ.

“ನಿಮಗೇನ್ರೀ, ನಿಮ್ಮ ತಲೇಲಿ ಉದುರೋಕೆ ಏನು ಉಳಿದಿದೆ?”

ಅವಳು ನಗಲಿಲ್ಲ. ಈ ಸಲ ಡಾಕ್ಟರೂ ಕೈಚೆಲ್ಲಿದರೆ ತಲೆ ಪೂರ್ತಿ ಬೋಳಿಸಿಕೊಳ್ಳುತ್ತೇನೆ, ದಿನಾ ಹೆದರುವುದಕ್ಕಿಂತ ಅದೇ ವಾಸಿ ಎಂದಳು.

ವೈದ್ಯೆ ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

“ಮಾತ್ರೆ ಹೇಗೆ ತಗೊಳ್ತೀರಿ?”

“ಬೆಳಿಗ್ಗೆ, ಕಾಫಿ ಜೊತೆ.”

“ಫಿಲ್ಟರ್ ಕಾಫಿಯಾ?”

“ಮತ್ತಿನ್ನೇನು ಮೇಡಂ. ಎರಡು ಲೋಟ.”

“ಹಾಗಾದ್ರೆ ಕಬ್ಬಿಣ ಕಾಫಿಯ ಪಾಲಾಯ್ತು ಮಾರಾಯ್ರೆ. ಅದು ಮೈಗೆ ಹತ್ತಲಿಕ್ಕೆ ಕಾಫಿ ಬಿಡುವುದಿಲ್ಲ. ಯಾರು ಹೇಳಿದ್ದು ಹಾಗೆ ತಗೊಳ್ಳಿ ಅಂತ?”

ಹೆಂಡತಿ ನನ್ನ ಕಡೆ ತಿರುಗಿದಳು. “ಇವರೇ. ಔಷಧಿ ಕಂಪನಿ ಕೆಮಿಸ್ಟ್ ಅಲ್ವಾ, ನಂಬಿದೆ.”

“ನಾನು ಹೇಳಿದ್ದು ತಿಂಡಿ ಜೊತೆ ಅಂತ.”

ಅಂದ ಕೂಡಲೇ ನನಗೇ ಅನುಮಾನ ಬಂತು. ತಿಂಡಿ ಎಂದಿದ್ದೆನೇ? ಅಡುಗೆಮನೆಯ ಬಾಗಿಲು, ಸಾಕ್ಸ್ ಹಾಕಿಕೊಳ್ಳುತ್ತಿದ್ದ ನಾನು, ಇಷ್ಟು ಕಾಣುತ್ತಿತ್ತು. ನನ್ನ ಮಾತು ಕೇಳಿಸುತ್ತಿರಲಿಲ್ಲ.

“ಜಗಳ ಮನೆಗೆ ಹೋಗಿ ಮಾಡಿ,” ಎಂದರು ವೈದ್ಯೆ. “ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇರ್ಲಿ. ಕಿತ್ತಳೆ ರಸದ ಜೊತೆ, ದಿನ ಬಿಟ್ಟು ದಿನ. ಕೂದಲು ಬಂದೇ ಬರ್ತದೆ ಅಂತ ಹೇಳುವುದಿಲ್ಲ. ಮೊದಲು ಫೆರಿಟಿನ್ ಏರ್ಲಿ. ಅಲ್ಲಿವರೆಗೆ ತಲೆಗೆ ಕತ್ತರಿ ಬೇಡ.”

ಮನೆಯಲ್ಲಿ ನಾವು ಆ ವಿಷಯ ಎತ್ತಲಿಲ್ಲ. ನನ್ನ ಮಾತು ಕೇಳಿ ಅವಳು ಮಾತ್ರೆ ಬಿಟ್ಟಿದ್ದರೆ ಎಂಬ ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ. ಮತ್ತೆ ಮೂರು ತಿಂಗಳು ಕಳೆದು, ಮುಂದಿನ ವರದಿ ಫೋನಿಗೆ ಬಂದಾಗ ನಾನು ಎಂಬಕಸಿಯಲ್ಲಿರುವ ನಮ್ಮ ಕಂಪನಿಯ ಔಷಧಿ ಕಾರ್ಖಾನೆಯಲ್ಲಿದ್ದೆ. ಅಂಕಿ ನೋಡಿ ನಂಬಿಕೆಯಾಗಲಿಲ್ಲ. ಲ್ಯಾಬಿಗೆ ಫೋನ್ ಮಾಡಿ ಹೆಸರು, ಹುಟ್ಟಿದ ದಿನ, ಸ್ಯಾಂಪಲ್ ನಂಬರು ಎಲ್ಲವನ್ನೂ ಓದಿಸಿಕೊಂಡೆ. ಅವಳದ್ದೇ ರಕ್ತ, ಫೆರಿಟಿನ್ ಮೂವತ್ತನಾಲ್ಕು.