ರಿಜಿಸ್ಟರಿನಲ್ಲಿ ಅವ್ವನ ಅಕ್ಷರ

ಅವ್ವ ತೀರಿಹೋದಾಗ ನನಗೆ ಎರಡು ವರ್ಷ. ಅವಳ ಫೋಟೊ ಇಲ್ಲ. ಉಳಿದದ್ದು ಅಪ್ಪ ಆಗಾಗ ಹೇಳುತ್ತಿದ್ದ ಒಂದು ಮಾತು: "ನಿಮ್ಮವ್ವನ ಅಕ್ಷರ ಮುತ್ತು ಪೋಣಿಸಿದಂಗ ಇರ್ತಿದ್ವು." ರಾಯಚೂರಿನ ಮಿಷನ್ ಬೋರ್ಡಿಂಗಿನಲ್ಲಿ ಅವಳು ನಾಲ್ಕನೆಯ ತರಗತಿವರೆಗೆ ಓದಿದ್ದಳಂತೆ. ಆ ಅಕ್ಷರವನ್ನು ಒಮ್ಮೆ ನೋಡಬೇಕೆಂದು ಚಿಕ್ಕಂದಿನಿಂದ ಆಸೆ. ಆದರೆ ಅವಳು ಬರೆದ ಒಂದು ಚೀಟಿಯೂ ಮನೆಯಲ್ಲಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನ ಒಂದು ಪತ್ರಿಕೆಗೆ ವರದಿಗಾರನಾಗಿದ್ದೆ. ಒಂದು ದಿನ ಯಾವುದೋ ಸುದ್ದಿಗಾಗಿ ಹಳೆಯ ಕಡತ ಹುಡುಕುತ್ತಿದ್ದಾಗ ಹೊಳೆಯಿತು: ಚರ್ಚಿನಲ್ಲಿ ಮದುವೆಯಾದವರು ರಿಜಿಸ್ಟರಿಗೆ ಸಹಿ ಹಾಕಿರಲೇಬೇಕು. ಅವ್ವನ ಮದುವೆ ಆದದ್ದು ದೇವದುರ್ಗದ ಕಡೆ, ಅವಳ ತವರೂರಿನ ಚರ್ಚಿನಲ್ಲಿ. ಮುಂದಿನ ರಜೆಗೆ ಬೆಳಗಿನ ಬಸ್ಸು ಹತ್ತಿದೆ.

ಬಸ್ಸಿಳಿದು ಜೋಳದ ಹೊಲಗಳ ನಡುವೆ ಬಹಳ ಹೊತ್ತು ನಡೆಯಬೇಕಾಯಿತು. ಚರ್ಚು ಎಂದರೆ ನಾಲ್ಕು ಕಲ್ಲಿನ ಗೋಡೆ, ತಗಡಿನ ಮಾಡು, ಬೇವಿನ ಗಿಡಕ್ಕೆ ಕಟ್ಟಿದ ಗಂಟೆ. ಪತ್ರಿಕೆಯವನೆಂದು ಪರಿಚಯಿಸಿಕೊಂಡು ಬಂದ ಕಾರಣ ಹೇಳಿದಾಗ ಪಾದ್ರಿಗಳು ನಕ್ಕರು.

"ಪೇಪರಿನೋರು ಬಂದ್ರು, ತಗಡು ಸೋರ್ತದ ಅಂತ ಬರೀತಾರ ಅನ್ಕೊಂಡಿದ್ದೆ. ನೀವು ನೋಡಿದ್ರ ಅವ್ವನ ಮದಿವಿಗೆ ಬಂದೀರಿ. ಅದೂ ಇಷ್ಟು ತಡ ಮಾಡಿ! ಒಳಗ ಬರ್ರಿ."

ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ರಿಜಿಸ್ಟರ್ ತೆಗೆದರು. ಹೆಸರು, ವಯಸ್ಸು, ಉದ್ಯೋಗ, ಸಾಕ್ಷಿಗಳು, ಕೊನೆಯಲ್ಲಿ ಸಹಿ. ಅಪ್ಪನ ಹೆಸರು ಸಿಕ್ಕಿತು. ಅದರ ಕೆಳಗೆ ಅವ್ವನದು. ಎರಡನ್ನೂ ಬರೆದಿದ್ದು ಅಂದಿನ ಪಾದ್ರಿಯ ಕೈ. ಸಹಿಯ ಜಾಗದಲ್ಲಿ ಎರಡು ಹೆಬ್ಬೆಟ್ಟುಗಳಿದ್ದವು.

"ಬರ್ಯಾಕ ಬರ್ತಿರಲಿಲ್ಲ ಕಾಣ್ತದ ಬಿಡ್ರಿ," ಎಂದರು ಪಾದ್ರಿಗಳು. "ಆಗ ಯಾರಿಗೆ ಬರ್ತಿತ್ತು?"

ದಾಖಲೆಯನ್ನು ನಂಬುವುದು ನನ್ನ ಕಸುಬು. ಹಾಗಾದರೆ ಅಪ್ಪ ಹೇಳಿದ್ದು ಸುಳ್ಳೆ? ಉಳಿದ ಪುಟಗಳನ್ನು ತಿರುವಿದೆ. ವರ ಸಹಿ ಮಾಡಿದ ಕಡೆ ವಧುವಿನದು ಒಮ್ಮೆ ಸಹಿ, ಒಮ್ಮೆ ಹೆಬ್ಬೆಟ್ಟು. ವರ ಹೆಬ್ಬೆಟ್ಟು ಒತ್ತಿದ ಕಡೆ ಮಾತ್ರ, ಆ ಇಡೀ ಪುಸ್ತಕದಲ್ಲಿ ಒಬ್ಬ ವಧುವೂ ಸಹಿ ಮಾಡಿರಲಿಲ್ಲ.

ಅಲ್ಲಿಂದ ನೇರ ಮಾನ್ವಿಗೆ ಹೋದೆ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ಆಗಷ್ಟೇ ಮನೆಗೆ ಬಂದು ಹೊಸ್ತಿಲ ಬಳಿ ಕೂತಿದ್ದ.

"ಯಪ್ಪಾ, ಖರೇ ಹೇಳು. ಅವ್ವಗ ಬರ್ಯಾಕ ಬರ್ತಿತ್ತೋ ಇಲ್ಲೋ? ಚರ್ಚಿನ ಪುಸ್ತಕದಾಗ ಹೆಬ್ಬೆಟ್ಟು ಅದ."

ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. "ಪೆನ್ನು ಕೈಯಾಗ ಹಿಡ್ದಿದ್ಲು. ಗಂಡ ಹೆಬ್ಬೆಟ್ಟು ಒತ್ಯಾನ, ಹೆಣ್ತಿ ಸಹಿ ಮಾಡಿದ್ರ ಮಂದಿ ಏನಂತಾರ ಅಂತ ನಮ್ಮ ದೊಡ್ಡಪ್ಪ ಗದರಿಸಿದ. ಕೆಳಗಿಟ್ಲು."

"ನೀ ಏನಂದಿ?"

"ಏನನ್ಲಿ? ಸುಮ್ನ ನಿಂತಿದ್ದೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವನೇ ಹೇಳಿದ: "ಬರೀಲಿ ಬಿಡ್ರಿ ಅಂತ ಒಂದ್ ಮಾತ್ ಅಂದಿದ್ರ ಬರೀತಿದ್ಲು."

ನನಗೆ ಸಿಟ್ಟು ಬಂದಿತ್ತು. "ಮತ್ತ ನೀ ಈಗ ಸಹಿ ಮಾಡ್ತಿಯಲ್ಲ, ಅದನ್ನ ಯಾರು ಕಲಿಸಿದ್ರು?"

"ಅಕೀನೇ. ಮದಿವಿ ಆದ ವಾರದಾಗ ಶುರು ಹಚ್ಚಿದ್ಲು. ಇದ್ದಲಿಲೆ ಕಲ್ಲಿನ ಮ್ಯಾಲ ನನ್ನ ಹೆಸರು ಬರ್ಯಾಕಿ, ಅದರ ಮ್ಯಾಲ ನಾ ತಿದ್ದಬೇಕು. ತಪ್ಪಿದ್ರ ರೊಟ್ಟಿ ಇಲ್ಲ ಅಂತಿದ್ಲು." ಅಪ್ಪ ನಕ್ಕ. "ಹೆಸರೊಂದೇ ಕಲ್ತೆ. ಅಷ್ಟರಾಗ ಹೋಗೇಬಿಟ್ಲು."

ಶಾಲೆಯ ಪ್ರಗತಿಪತ್ರಗಳ ಮೇಲೆ ನಾನು ವರ್ಷವರ್ಷವೂ ನೋಡಿದ್ದ ಸಹಿ ಅದು. ಬಿಡಿಬಿಡಿ ಅಕ್ಷರ, ಉದ್ದಕ್ಕೆ ಕೆಳಗಿಳಿದ ಒತ್ತು. ಮೂಟೆ ಹೊರುವ ಕೈ, ಹೀಗೇ ಬರೆಯುತ್ತದೆ ಎಂದುಕೊಂಡಿದ್ದೆ.

ಪೆನ್ನು, ನೋಟ್‌ಬುಕ್ಕು ಅವನ ಮುಂದಿಟ್ಟೆ.

"ಇದ್ಯಾವ ಕಾಗದಕ್ಕಲೇ?"

"ಯಾವುದಕ್ಕೂ ಅಲ್ಲ. ಅಕಿ ಹೆಂಗ ಬರೀತಿದ್ಲೋ ಹಂಗ ಬರಿ."

ಅಪ್ಪ ಬಗ್ಗಿ, ಮೊದಲ ಅಕ್ಷರದ ಮೈಯನ್ನಷ್ಟೇ ಬರೆದು ಕೈ ನಿಲ್ಲಿಸಿದ. "ತಲಿಕಟ್ಟು ಕಡೀಗೆ ಎಳೀತಿದ್ಲು," ಎಂದು ಎಳೆದ. ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.